ಸಾಂಕ್ರಾಮಿಕದ ಕಾಲದಲ್ಲಿ ನಗರದ ತುರ್ತು ಮೀಸಲು ನಿಧಿಯ ನಿರ್ವಹಣೆ: ಹಣಕಾಸು ಅಧಿಕಾರಿಗಳಿಗೆ ಒಂದು ಕೈಪಿಡಿ

ಪ್ರವಾಹವೋ ಭೂಕಂಪವೋ ನಗರದ ಮೇಲೆ ಬಂದೆರಗಿದಾಗ ಹಾನಿ ಬಹುಮಟ್ಟಿಗೆ ಒಂದೇ ಬಾರಿಗೆ ಆಗಿಹೋಗುತ್ತದೆ. ಬಳಿಕ ಉಳಿಯುವುದು ಅಳೆಯುವ, ಅಂದಾಜು ಮಾಡುವ ಮತ್ತು ದುರಸ್ತಿ ಮಾಡುವ ಕೆಲಸ. ಸಾಂಕ್ರಾಮಿಕ ರೋಗ ಹಾಗೆ ನಡೆದುಕೊಳ್ಳುವುದಿಲ್ಲ. ಅದು ಅಲೆ ಅಲೆಯಾಗಿ ಬರುತ್ತದೆ, ಯಾವಾಗ ಮುಗಿಯುತ್ತದೆಂದು ಯಾರಿಗೂ ಹೇಳಲಾಗುವುದಿಲ್ಲ, ಮತ್ತು ನಗರದ ಖರ್ಚನ್ನು ಏರಿಸುವ ಅದೇ ತಿಂಗಳುಗಳಲ್ಲಿ ನಗರದ ಆದಾಯವನ್ನೂ ಇಳಿಸುತ್ತದೆ. 1918ರ ಇನ್‌ಫ್ಲುಯೆನ್ಸಾ ಮೂರು ಅಲೆಗಳಲ್ಲಿ ಬಂದಿತು, ಅವುಗಳಲ್ಲಿ ಎರಡನೆಯದೇ ಅತ್ಯಂತ ಮಾರಕವಾಗಿತ್ತು. ಕೋವಿಡ್‌-19ನ್ನು ವಿಶ್ವ ಆರೋಗ್ಯ ಸಂಸ್ಥೆ 2020ರ ಜನವರಿ 30ರಂದು ಅಂತರರಾಷ್ಟ್ರೀಯ ಆರೋಗ್ಯ ತುರ್ತುಸ್ಥಿತಿ ಎಂದು ಘೋಷಿಸಿತು, ಆ ಘೋಷಣೆ ಕೊನೆಗೊಂಡದ್ದು 2023ರ ಮೇ 5ರಂದು. ಮೂರು ವರ್ಷಕ್ಕೂ ಮೀರಿದ ಅವಧಿಯ ಖರ್ಚನ್ನು ತಾನೊಂದೇ ಹೊರುವಷ್ಟು ಮೀಸಲು ನಿಧಿ ಯಾವ ನಗರದಲ್ಲಿಯೂ ಇರುವುದಿಲ್ಲ, ಇರಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ.

ಆದುದರಿಂದ ನಿಧಿಯಿಂದ ಏನು ಸಾಧ್ಯ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಮೇಲಿನ ಸರ್ಕಾರದ ಅನುದಾನ, ಸಾಲ, ದೇಣಿಗೆ, ವಿಮೆ ಇವೆಲ್ಲವೂ ಬರುವ ಹಣ. ಆದರೆ ಅವು ವಾರಗಳೋ ತಿಂಗಳುಗಳೋ ತಡವಾಗಿ ಬರುತ್ತವೆ, ಬರುವಾಗ ಷರತ್ತುಗಳನ್ನು ಹೊತ್ತು ಬರುತ್ತವೆ. ಮೀಸಲು ನಿಧಿ ಮಾತ್ರ ಇಂದೇ ಕೈಯಲ್ಲಿರುತ್ತದೆ ಮತ್ತು ಬಹುತೇಕ ಷರತ್ತುಗಳಿಲ್ಲದೆ ಇರುತ್ತದೆ. ಈ ಎರಡು ಗುಣಗಳಿಂದ ಒಂದು ನಿಯಮ ಹುಟ್ಟುತ್ತದೆ: ಮೀಸಲು ನಿಧಿಯ ಹಣ ಕಾಲದಲ್ಲಿ ಎಲ್ಲಕ್ಕಿಂತ ಮೊದಲು ಹೊರಹೋಗಬೇಕು, ಲೆಕ್ಕದಲ್ಲಿ ಎಲ್ಲಕ್ಕಿಂತ ಕೊನೆಗೆ ಉಳಿಯಬೇಕು. ಅಂದರೆ, ಬೇರೆ ಮೂಲದಿಂದ ಮುಂದೆ ವಸೂಲಾಗಬಹುದಾದ ಪ್ರತಿ ಖರ್ಚಿಗೂ ನಿಧಿ ಕೊಡುವುದು ಮುಂಗಡವೆಂದೇ ತಿಳಿದು, ಆ ಮುಂಗಡ ಮರಳಿ ಬರುವ ತನಕ ಕಡತವನ್ನು ಮುಚ್ಚಬಾರದು. ಮುಂದೆ ಹೇಳುವುದೆಲ್ಲ ಈ ನಿಯಮವನ್ನು ಕಾರ್ಯರೂಪಕ್ಕೆ ತರುವ ಬಗೆ.

ಕೈಯಲ್ಲಿ ನಿಜವಾಗಿ ಎಷ್ಟಿದೆ?

ಬಿಕ್ಕಟ್ಟಿನ ಮೊದಲ ವಾರದಲ್ಲಿ ಹಣಕಾಸು ಅಧಿಕಾರಿ ಮಾಡಬೇಕಾದ ಮೊದಲ ಕೆಲಸವೆಂದರೆ ಆಯವ್ಯಯ ಪುಸ್ತಕವನ್ನು ಪಕ್ಕಕ್ಕಿಟ್ಟು ಬ್ಯಾಂಕ್ ಖಾತೆಗಳನ್ನು ತೆರೆದು ನೋಡುವುದು. ಲೆಕ್ಕಪತ್ರದಲ್ಲಿ ಕಾಣುವ ಶಿಲ್ಕು ಮತ್ತು ನಾಳೆ ಬೆಳಗ್ಗೆ ಪಾವತಿ ಮಾಡಲು ಸಿಗುವ ನಗದು ಒಂದೇ ಅಲ್ಲ. ಶಿಲ್ಕಿನ ಒಂದು ಭಾಗ ಇನ್ನೂ ವಸೂಲಾಗದ ತೆರಿಗೆ ಬಾಕಿಯಾಗಿರಬಹುದು. ಇನ್ನೊಂದು ಭಾಗ ಅವಧಿ ಠೇವಣಿಯಲ್ಲಿದ್ದು, ಮುಂಚಿತವಾಗಿ ಮುರಿದರೆ ಬಡ್ಡಿ ನಷ್ಟವಾಗಬಹುದು. ಮತ್ತೊಂದು ಭಾಗ ನೀರು ಸರಬರಾಜು, ರಸ್ತೆ ಅಥವಾ ಪಿಂಚಣಿಯ ಉದ್ದೇಶಕ್ಕೆಂದು ಕಾನೂನಿನಿಂದಲೇ ಕಟ್ಟಿಹಾಕಿದ ಹಣವಾಗಿದ್ದು, ಹತ್ತಿರದಲ್ಲಿ ಕಂಡರೂ ಮುಟ್ಟಲಾಗದ್ದಾಗಿರಬಹುದು. ಗುತ್ತಿಗೆದಾರರ ಭದ್ರತಾ ಠೇವಣಿಯೂ ನಗರದ ಖಾತೆಯಲ್ಲಿಯೇ ಕುಳಿತಿರುತ್ತದೆ, ಆದರೆ ಅದು ನಗರದ ಹಣವಲ್ಲ. ಇವನ್ನೆಲ್ಲ ಕಳೆದು ಉಳಿಯುವ ಮೊತ್ತವೇ ನಿಜವಾದ ಮೀಸಲು. ಈ ಲೆಕ್ಕವನ್ನು ಒಂದೇ ಪುಟದಲ್ಲಿ ಬರೆದು, ಪ್ರತಿ ಮೊತ್ತದ ಎದುರು ಅದು ಎಷ್ಟು ದಿನದಲ್ಲಿ ನಗದಾಗುತ್ತದೆ ಎಂಬುದನ್ನು ನಮೂದಿಸಬೇಕು.

ಎಷ್ಟು ಮೀಸಲು ಇರಬೇಕೆಂಬುದಕ್ಕೆ ಒಂದು ಪ್ರಸಿದ್ಧ ಅಳತೆ ಇದೆ. ಅಮೆರಿಕ ಮತ್ತು ಕೆನಡಾದ ಸರ್ಕಾರಿ ಹಣಕಾಸು ಅಧಿಕಾರಿಗಳ ಸಂಘವು ಸಾಮಾನ್ಯ ನಿಧಿಯಲ್ಲಿ ನಿರ್ಬಂಧವಿಲ್ಲದ ಶಿಲ್ಕು ಕನಿಷ್ಠ ಎರಡು ತಿಂಗಳ ನಿತ್ಯದ ಆದಾಯಕ್ಕೋ ವೆಚ್ಚಕ್ಕೋ ಸಮನಾಗಿರಬೇಕೆಂದು ಶಿಫಾರಸು ಮಾಡುತ್ತದೆ. ಇದು ಕನಿಷ್ಠ ಮಿತಿ ಎಂಬುದನ್ನು ಮರೆಯಬಾರದು. ಆದಾಯದ ಬಹುಭಾಗ ವ್ಯಾಪಾರ, ಪ್ರವಾಸ, ಮನರಂಜನೆ ಅಥವಾ ಸಾರಿಗೆ ಶುಲ್ಕದಿಂದ ಬರುವ ನಗರಕ್ಕೆ ಎರಡು ತಿಂಗಳು ಬಹಳ ಕಡಿಮೆ, ಏಕೆಂದರೆ ಜನಸಂಚಾರ ನಿಂತ ದಿನವೇ ಆ ಆದಾಯವೂ ನಿಲ್ಲುತ್ತದೆ. ಆಸ್ತಿ ತೆರಿಗೆಯ ಮೇಲೆ ನಿಂತ ನಗರಕ್ಕೆ ಹೊಡೆತ ತಡವಾಗಿ ತಟ್ಟುತ್ತದೆ. ಮೊದಲ ವರ್ಷ ಎಲ್ಲವೂ ಸುರಕ್ಷಿತವೆಂದು ತೋರುತ್ತದೆ, ಮೌಲ್ಯಮಾಪನ ಇಳಿದು ಬಾಕಿ ಬೆಳೆಯುವುದು ಆಮೇಲೆ. ಎರಡನೆಯ ಬಗೆಯ ನಗರಗಳೇ ಹೆಚ್ಚು ಎಚ್ಚರ ತಪ್ಪುವುದು ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಅವುಗಳ ಮೊದಲ ಆರು ತಿಂಗಳ ಅಂಕಿಗಳು ಮುಂದಿನ ಕಷ್ಟದ ಸುಳಿವನ್ನು ಕೊಡುವುದಿಲ್ಲ.

ನಿಧಿಯನ್ನು ತೆರೆಯುವ ನಿರ್ಣಯ

ಆರೋಗ್ಯ ತುರ್ತುಸ್ಥಿತಿಯ ಘೋಷಣೆಯೇ ನಿಧಿಯ ಬೀಗ ತೆರೆದಂತೆ ಎಂದು ಹಲವರು ಭಾವಿಸುತ್ತಾರೆ. ಹಾಗೆ ಭಾವಿಸದೆ, ಚುನಾಯಿತ ಪರಿಷತ್ತಿನಿಂದ ಪ್ರತ್ಯೇಕ ನಿರ್ಣಯವನ್ನು ಪಡೆಯುವುದು ಒಳ್ಳೆಯದು. ಆ ನಿರ್ಣಯದಲ್ಲಿ ಯಾರು ಹಣ ತೆಗೆಯಬಹುದು, ಒಂದು ಬಾರಿಗೆ ಎಷ್ಟು, ಯಾವ ಉದ್ದೇಶಗಳಿಗೆ, ಎಷ್ಟು ದಿನದೊಳಗೆ ಪರಿಷತ್ತಿಗೆ ವರದಿ ಒಪ್ಪಿಸಬೇಕು, ಮತ್ತು ಈ ಅಧಿಕಾರ ಯಾವ ದಿನಾಂಕಕ್ಕೆ ತಾನಾಗಿಯೇ ಕೊನೆಗೊಳ್ಳುತ್ತದೆ ಎಂಬುದು ಸ್ಪಷ್ಟವಾಗಿರಬೇಕು. ಕೊನೆಯ ಅಂಶವೇ ಹೆಚ್ಚಾಗಿ ಬಿಟ್ಟುಹೋಗುವುದು. ಅರವತ್ತು ಅಥವಾ ತೊಂಬತ್ತು ದಿನಕ್ಕೊಮ್ಮೆ ಅಧಿಕಾರವನ್ನು ನವೀಕರಿಸಬೇಕೆಂಬ ಷರತ್ತಿದ್ದರೆ, ನವೀಕರಣದ ಪ್ರತಿ ಸಭೆಯೂ ಖರ್ಚಿನ ಪರಿಶೀಲನೆಗೆ ಒಂದು ಅವಕಾಶವಾಗುತ್ತದೆ. ದಿನಾಂಕವಿಲ್ಲದ ಅಧಿಕಾರ ಬಿಕ್ಕಟ್ಟು ಮುಗಿದ ಮೇಲೂ ಬಳಕೆಯಲ್ಲಿ ಉಳಿದುಬಿಡುತ್ತದೆ.

ಪರಿಷತ್ತಿನ ಸದಸ್ಯರು ಒಂದೆಡೆ ಸೇರಲಾಗದ ಪರಿಸ್ಥಿತಿ ಬರಬಹುದು. ದೂರದಿಂದ ಸಭೆ ನಡೆಸಲು, ಮತ ಹಾಕಲು, ನಡಾವಳಿಗೆ ಸಹಿ ಮಾಡಲು ಕಾನೂನಿನ ಒಪ್ಪಿಗೆ ಇದೆಯೇ ಎಂಬುದನ್ನು ಶಾಂತಿಕಾಲದಲ್ಲಿಯೇ ಖಚಿತಪಡಿಸಿಕೊಳ್ಳಬೇಕು. ಹಾಗೆಯೇ ಚೆಕ್‌ಗೆ ಅಥವಾ ಆನ್‌ಲೈನ್ ಪಾವತಿಗೆ ಸಹಿ ಹಾಕುವ ಅಧಿಕಾರಿಗಳಿಗೆ ಕನಿಷ್ಠ ಇಬ್ಬರು ಬದಲಿ ಅಧಿಕಾರಿಗಳನ್ನು ಹೆಸರಿಸಿ ಬ್ಯಾಂಕಿಗೆ ತಿಳಿಸಿರಬೇಕು. ರೋಗ ಹಣಕಾಸು ವಿಭಾಗವನ್ನು ಬಿಟ್ಟು ಉಳಿದವರಿಗೆ ಮಾತ್ರ ಬರುವುದಿಲ್ಲ. ಸಹಿ ಮಾಡುವವರು ಪ್ರತ್ಯೇಕವಾಸದಲ್ಲಿದ್ದು ಪೌರಕಾರ್ಮಿಕರ ಸಂಬಳ ತಡೆಯಾಗುವ ಸ್ಥಿತಿ ಬಂದರೆ, ನಿಧಿಯಲ್ಲಿ ಎಷ್ಟು ಹಣವಿದ್ದರೂ ಅದರಿಂದ ಪ್ರಯೋಜನವಿಲ್ಲ.

ಹದಿಮೂರು ವಾರಗಳ ನಗದು ಮುನ್ನೋಟ

ವಾರ್ಷಿಕ ಬಜೆಟ್ ಈ ಕಾಲದಲ್ಲಿ ದಾರಿ ತೋರಿಸುವುದಿಲ್ಲ. ಮುಂದಿನ ಹದಿಮೂರು ವಾರಗಳಲ್ಲಿ ಪ್ರತಿ ವಾರ ಎಷ್ಟು ಹಣ ಒಳಬರುತ್ತದೆ, ಎಷ್ಟು ಹೊರಹೋಗುತ್ತದೆ, ವಾರದ ಕೊನೆಗೆ ಶಿಲ್ಕು ಎಷ್ಟು ಎಂಬ ಒಂದು ಹಾಳೆಯೇ ದಾರಿ ತೋರಿಸುತ್ತದೆ. ಪ್ರತಿ ಸೋಮವಾರ ಹಿಂದಿನ ವಾರದ ಅಂದಾಜನ್ನು ನಿಜವಾದ ಅಂಕಿಯೊಡನೆ ಹೋಲಿಸಿ, ಕಳೆದ ವಾರವನ್ನು ತೆಗೆದು, ಕೊನೆಗೆ ಹೊಸ ವಾರವೊಂದನ್ನು ಸೇರಿಸಬೇಕು. ಅಂದಾಜು ತಪ್ಪಿದಲ್ಲಿ ನಾಚಿಕೊಳ್ಳುವ ಅಗತ್ಯವಿಲ್ಲ. ಎಲ್ಲಿ, ಏಕೆ ತಪ್ಪಿತು ಎಂದು ಬರೆದಿಟ್ಟರೆ ನಾಲ್ಕಾರು ವಾರಗಳಲ್ಲಿ ಹಾಳೆ ನಂಬಿಕೆಗೆ ಅರ್ಹವಾಗುತ್ತದೆ. ಹದಿಮೂರು ವಾರಗಳಾಚೆಗೆ, ಮುಂದಿನ ಹನ್ನೆರಡು ತಿಂಗಳಿಗೆ ಮೂರು ಸ್ಥೂಲ ಚಿತ್ರಗಳು ಸಾಕು: ರೋಗ ಬೇಗ ಇಳಿದರೆ, ಎರಡನೆಯ ಅಲೆ ಬಂದರೆ, ಒಂದು ವರ್ಷಕ್ಕೂ ಮೀರಿ ಎಳೆದರೆ.

ಒಂದು ಕಲ್ಪಿತ ಉದಾಹರಣೆಯಿಂದ ಇದರ ಬೆಲೆ ತಿಳಿಯುತ್ತದೆ. ಒಂದು ನಗರದ ಮಾಸಿಕ ಆದಾಯ 52 ಕೋಟಿ, ಮಾಸಿಕ ವೆಚ್ಚ 50 ಕೋಟಿ, ಮೀಸಲು ನಿಧಿ 120 ಕೋಟಿ ಎಂದಿಟ್ಟುಕೊಳ್ಳೋಣ. ಸಾಂಕ್ರಾಮಿಕದಿಂದ ಆದಾಯ ಶೇಕಡಾ 30ರಷ್ಟು ಕುಸಿದು 36.4 ಕೋಟಿಗೆ ಇಳಿಯಿತು, ರೋಗ ನಿಯಂತ್ರಣಕ್ಕೆ ತಿಂಗಳಿಗೆ 8 ಕೋಟಿ ಹೆಚ್ಚುವರಿ ವೆಚ್ಚ ಬಂದಿತು. ಈಗ ತಿಂಗಳ ಕೊರತೆ 21.6 ಕೋಟಿ. ಏನೇ ಆದರೂ ಮುಟ್ಟಬಾರದ ತಳಮಟ್ಟವೆಂದು 30 ಕೋಟಿಯನ್ನು ಪಕ್ಕಕ್ಕಿಟ್ಟರೆ ಬಳಕೆಗೆ ಸಿಗುವುದು 90 ಕೋಟಿ, ಅದು ನಾಲ್ಕು ತಿಂಗಳಿಗೆ ಸ್ವಲ್ಪ ಹೆಚ್ಚು ದಿನ ಬರುತ್ತದೆ. ಹೆಚ್ಚುವರಿ ವೆಚ್ಚದ ಮುಕ್ಕಾಲು ಪಾಲನ್ನು, ಅಂದರೆ ತಿಂಗಳಿಗೆ 6 ಕೋಟಿಯನ್ನು, ಮೇಲಿನ ಸರ್ಕಾರ ಆರು ತಿಂಗಳ ಬಳಿಕ ಮರುಪಾವತಿ ಮಾಡುತ್ತದೆ ಎಂದುಕೊಳ್ಳಿ. ಆ ಹಣ ಬರುವ ಮೊದಲೇ ನಿಧಿ ತಳ ಮುಟ್ಟಿರುತ್ತದೆ.

ಅದೇ ನಗರ ಮೊದಲ ತಿಂಗಳಲ್ಲಿಯೇ ಮುಂದೂಡಬಹುದಾದ ಕಾಮಗಾರಿ ಮತ್ತು ಖರೀದಿಗಳನ್ನು ಗುರುತಿಸಿ ತಿಂಗಳಿಗೆ 9 ಕೋಟಿ ವೆಚ್ಚವನ್ನು ತಡೆಹಿಡಿಯಿತೆನ್ನಿ. ಕೊರತೆ 12.6 ಕೋಟಿಗೆ ಇಳಿಯುತ್ತದೆ. ಆರು ತಿಂಗಳ ಕೊನೆಗೆ ತಳಮಟ್ಟದ ಮೇಲೆ ಇನ್ನೂ 14.4 ಕೋಟಿ ಉಳಿದಿರುತ್ತದೆ. ಏಳನೆಯ ತಿಂಗಳಿಂದ ಮರುಪಾವತಿ ಬರತೊಡಗಿ ಕೊರತೆ 6.6 ಕೋಟಿಯಾಗುವುದರಿಂದ, ನಿಧಿ ಎಂಟು ತಿಂಗಳು ದಾಟಿ ಬಾಳುತ್ತದೆ. ನಾಲ್ಕು ತಿಂಗಳನ್ನು ಎಂಟಾಗಿಸಿದ್ದು ದೊಡ್ಡ ಸಾಲವಲ್ಲ. ಮೊದಲ ತಿಂಗಳಲ್ಲಿ ತೆಗೆದುಕೊಂಡ ಒಂದು ನಿರ್ಧಾರ ಮತ್ತು ಮರುಪಾವತಿಯ ಅರ್ಜಿಯನ್ನು ಸಕಾಲದಲ್ಲಿ ಸಲ್ಲಿಸಿದ ಶಿಸ್ತು. ಇದೇ 9 ಕೋಟಿಯನ್ನು ಮೂರು ತಿಂಗಳು ಕಾದು ತಡೆಹಿಡಿದರೆ, ಆ ಹೊತ್ತಿಗೆ 27 ಕೋಟಿ ಕೈಬಿಟ್ಟು ಹೋಗಿರುತ್ತದೆ. ನಿಮ್ಮ ನಗರದ ಅಂಕಿಗಳನ್ನು ಹಾಕಿ ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡುವಂತೆ ನಾನು ಪ್ರತಿಯೊಬ್ಬ ಹಣಕಾಸು ಅಧಿಕಾರಿಯನ್ನೂ ಒತ್ತಾಯಿಸುತ್ತೇನೆ.

ಯಾವ ಖರ್ಚಿಗೆ ಯಾವ ಹಣ?

ಬರುವ ಪ್ರತಿ ನೆರವಿಗೂ ತನ್ನದೇ ಷರತ್ತುಗಳಿರುತ್ತವೆ. ಇದಕ್ಕೆ ಅಮೆರಿಕದ ಅನುಭವ ಸ್ಪಷ್ಟವಾದ ಉದಾಹರಣೆ. 2020ರ ಮಾರ್ಚ್ 27ರಂದು ಜಾರಿಗೆ ಬಂದ ಅಲ್ಲಿನ ನೆರವು ಕಾಯ್ದೆಯು ರಾಜ್ಯಗಳಿಗೂ ಸ್ಥಳೀಯ ಸರ್ಕಾರಗಳಿಗೂ 15,000 ಕೋಟಿ ಡಾಲರ್‌ಗಳ ಪರಿಹಾರ ನಿಧಿಯನ್ನು ಒದಗಿಸಿತು. ಆದರೆ ಆ ಹಣವನ್ನು ಸಾಂಕ್ರಾಮಿಕದಿಂದ ಹುಟ್ಟಿದ, ಬಜೆಟ್‌ನಲ್ಲಿ ಮೊದಲೇ ಇಲ್ಲದ ವೆಚ್ಚಗಳಿಗೆ ಮಾತ್ರ ಬಳಸಬಹುದಿತ್ತು. ಕುಸಿದ ಆದಾಯವನ್ನು ತುಂಬಿಕೊಳ್ಳಲು ಬಳಸುವಂತಿರಲಿಲ್ಲ. ಐದು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ಸ್ಥಳೀಯ ಸರ್ಕಾರಗಳಿಗೆ ಮಾತ್ರ ಅದು ನೇರವಾಗಿ ಸಿಕ್ಕಿತು, ಚಿಕ್ಕ ನಗರಗಳು ತಮ್ಮ ರಾಜ್ಯ ಕೊಡುವುದನ್ನು ಕಾಯಬೇಕಾಯಿತು. ಆದಾಯ ನಷ್ಟಕ್ಕೂ ಬಳಸಬಹುದಾದ 35,000 ಕೋಟಿ ಡಾಲರ್‌ಗಳ ನೆರವು ಮಂಜೂರಾದದ್ದು ಸುಮಾರು ಒಂದು ವರ್ಷದ ನಂತರ, 2021ರ ಮಾರ್ಚ್ 11ರಂದು. ಆ ನಡುವಿನ ವರ್ಷದಲ್ಲಿ ಆದಾಯದ ಕುಳಿಯನ್ನು ತುಂಬಲು ನಗರಗಳಿಗೆ ಇದ್ದದ್ದು ವೆಚ್ಚ ಕಡಿತ, ಸಾಲ ಮತ್ತು ಸ್ವಂತ ಮೀಸಲು ನಿಧಿ.

ಇದರಿಂದ ಖರ್ಚನ್ನು ಹೊಂದಿಸುವ ಕ್ರಮ ತಿಳಿಯುತ್ತದೆ. ಅತಿ ಬಿಗಿಯಾದ ಷರತ್ತಿರುವ ಹಣವನ್ನು ಅದು ಒಪ್ಪುವ ಖರ್ಚಿಗೆ ಮೊದಲು ಜೋಡಿಸಬೇಕು: ಪರೀಕ್ಷಾ ಕೇಂದ್ರದ ಬಾಡಿಗೆ, ಲಸಿಕೆ ಶಿಬಿರ, ರಕ್ಷಣಾ ಉಡುಪು, ಹೆಚ್ಚುವರಿ ಆರೋಗ್ಯ ಸಿಬ್ಬಂದಿ ಇಂಥವಕ್ಕೆ. ಸ್ವಲ್ಪ ಸಡಿಲವಾದ ಹಣವನ್ನು ಅದರ ನಂತರದ ಖರ್ಚಿಗೆ. ಯಾರೂ ಭರ್ತಿ ಮಾಡಿಕೊಡದ ಖರ್ಚಿಗೆ, ಅಂದರೆ ಕುಸಿದ ಆದಾಯದ ನಡುವೆಯೂ ನಡೆಯಲೇಬೇಕಾದ ಕಸ ವಿಲೇವಾರಿ, ಕುಡಿಯುವ ನೀರು, ಒಳಚರಂಡಿ, ಬೀದಿದೀಪ, ಸಂಬಳ, ಸಾಲದ ಕಂತುಗಳಿಗೆ ಮೀಸಲು ನಿಧಿ ಉಳಿಯಬೇಕು. ಅನೇಕ ನಗರಗಳಲ್ಲಿ ಇದು ತಿರುಗುಮುರುಗಾಗುತ್ತದೆ. ಮೊದಲ ತಿಂಗಳ ಗಾಬರಿಯಲ್ಲಿ ರಕ್ಷಣಾ ಸಾಮಗ್ರಿಗೆ ಮೀಸಲು ನಿಧಿಯನ್ನೇ ಖಾಲಿ ಮಾಡಿ, ಅನುದಾನ ಬಂದಾಗ ಅದಕ್ಕೆ ತಕ್ಕ ಖರ್ಚೇ ಉಳಿಯದೆ, ಸಂಬಳಕ್ಕೆ ಹಣವಿಲ್ಲದೆ ನಿಲ್ಲುವಂತಾಗುತ್ತದೆ. ಸಾಮಗ್ರಿಯನ್ನು ನಿಧಿಯಿಂದ ಕೊಂಡದ್ದು ತಪ್ಪಲ್ಲ. ಕೊಂಡದ್ದನ್ನು ಅನುದಾನದ ಲೆಕ್ಕಕ್ಕೆ ವರ್ಗಾಯಿಸಿ ನಿಧಿಗೆ ಹಣವನ್ನು ಮರಳಿಸದೆ ಇದ್ದದ್ದು ತಪ್ಪು.

ನಿತ್ಯದ ಆರೋಗ್ಯ ಸೇವೆಗಳ ಬಗ್ಗೆ ಇಲ್ಲಿ ವಿಶೇಷವಾಗಿ ಹೇಳಬೇಕು. ಪಶ್ಚಿಮ ಆಫ್ರಿಕದಲ್ಲಿ 2014ರಿಂದ 2016ರವರೆಗೆ ಎಬೋಲಾ ಹರಡಿದಾಗ ಮಕ್ಕಳ ಲಸಿಕೆ, ಮಲೇರಿಯಾ ಚಿಕಿತ್ಸೆ, ಹೆರಿಗೆ ಆರೈಕೆಗಳು ಅಸ್ತವ್ಯಸ್ತಗೊಂಡವು. ಹೊಸ ರೋಗಕ್ಕೆ ಸಿಬ್ಬಂದಿಯನ್ನೂ ಹಣವನ್ನೂ ಎಳೆದುಕೊಂಡಾಗ ಹಳೆಯ ರೋಗಗಳು ಕಾಯುತ್ತ ಕೂರುವುದಿಲ್ಲ. ಲಸಿಕೆ, ಕ್ಷಯರೋಗದ ಔಷಧ, ತಾಯಿ-ಮಕ್ಕಳ ಆರೈಕೆ ನಗರದ ಹೊಣೆಯಾಗಿರುವಲ್ಲಿ, ಅವುಗಳ ಮಾಸಿಕ ವೆಚ್ಚವನ್ನು ಕಡಿತದ ಪಟ್ಟಿಯಿಂದ ಹೊರಗಿಟ್ಟು, ಮೀಸಲು ನಿಧಿಯಿಂದ ರಕ್ಷಿಸಬೇಕಾದ ಬಾಬ್ತುಗಳಲ್ಲಿ ಮೊದಲನೆಯದಾಗಿ ಬರೆಯಬೇಕು. ಈ ವಿಷಯದಲ್ಲಿ ರಾಜಿ ಇರಬಾರದು.

ಇನ್ನು, ಮೀಸಲು ನಿಧಿಯಿಂದ ಶಾಶ್ವತ ಹೊರೆ ಹುಟ್ಟಬಾರದು. ಕಾಯಂ ಹುದ್ದೆ, ಕಾಯಂ ಭತ್ಯೆ, ಮುಂದೆ ನಿರ್ವಹಣೆಗೆ ಹಣ ಬೇಡುವ ಕಟ್ಟಡ ಇವು ಎಷ್ಟೇ ಅಗತ್ಯವೆನಿಸಿದರೂ ಮುಂದಿನ ಬಜೆಟ್‌ನಲ್ಲಿ ಚರ್ಚೆಯಾಗಿ ಬರಲಿ. ಬಿಕ್ಕಟ್ಟಿಗೆ ಬೇಕಾದ ಸಿಬ್ಬಂದಿಯನ್ನು ಅವಧಿ ನಮೂದಿಸಿದ ಗುತ್ತಿಗೆಯ ಮೇಲೆ ತೆಗೆದುಕೊಳ್ಳಬೇಕು. ಹಾಗೆಂದು ಅವರ ಸಂಬಳದಲ್ಲಿ ಜಿಪುಣತನ ತೋರಿಸಬಾರದು, ಸುರಕ್ಷೆ ಮತ್ತು ವಿಮೆಯಲ್ಲಂತೂ ತೋರಿಸಲೇಬಾರದು. ರೋಗದ ಎದುರು ನಿಂತು ದುಡಿಯುವವರಿಗೆ ಪಾವತಿ ತಡವಾದರೆ ಅವರು ಕೆಲಸ ಬಿಡುತ್ತಾರೆ, ಬಿಡುವುದು ನ್ಯಾಯವೂ ಹೌದು.

ಕಂತುಗಳಲ್ಲಿ ಬಿಡುಗಡೆ

ನಿಧಿಯನ್ನು ಒಮ್ಮೆಗೇ ಬಿಡುಗಡೆ ಮಾಡಬಾರದು; ಹಾಗೆಂದು ಮುಂದಿನ ಅಲೆಯ ಭಯದಿಂದ ಮೊದಲ ಅಲೆಯಲ್ಲಿ ಕೈಬಿಗಿ ಮಾಡುವುದೂ ಅಪಾಯ. ರೋಗ ಹರಡುವಿಕೆಯ ಆರಂಭದಲ್ಲಿ ಪರೀಕ್ಷೆ, ಸಂಪರ್ಕ ಪತ್ತೆ ಮತ್ತು ಪ್ರತ್ಯೇಕವಾಸದ ನೆರವಿಗೆ ಮಾಡಿದ ವೆಚ್ಚ, ತಿಂಗಳೆರಡು ತಿಂಗಳ ನಂತರ ಆಸ್ಪತ್ರೆಗಳು ತುಂಬಿದಾಗ ಮಾಡುವ ವೆಚ್ಚಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಆದ್ದರಿಂದ ಮೊದಲ ಕಂತು ದೊಡ್ಡದಾಗಿರಲಿ ಮತ್ತು ಬೇಗ ಹೋಗಲಿ. ಎರಡನೆಯ ಕಂತಿನ ಬಿಡುಗಡೆಯನ್ನು ಕಣ್ಣಿಗೆ ಕಾಣುವ ಅಂಕಿಗಳಿಗೆ ಕಟ್ಟಬೇಕು: ಪರೀಕ್ಷೆಯಲ್ಲಿ ಸೋಂಕು ಪತ್ತೆಯಾಗುವ ಪ್ರಮಾಣ, ಆಸ್ಪತ್ರೆಯ ಹಾಸಿಗೆಗಳ ಭರ್ತಿ, ಎರಡು ವಾರಗಳ ನಗದು ಶಿಲ್ಕು. ಆರೋಗ್ಯಾಧಿಕಾರಿ ಮತ್ತು ಹಣಕಾಸು ಅಧಿಕಾರಿ ವಾರಕ್ಕೊಮ್ಮೆ ಒಂದೇ ಮೇಜಿನ ಸುತ್ತ ಕುಳಿತು ಈ ಅಂಕಿಗಳನ್ನು ಒಟ್ಟಿಗೆ ನೋಡಬೇಕು. ಅವರಿಬ್ಬರೂ ಪರಸ್ಪರ ಟಿಪ್ಪಣಿ ಕಳುಹಿಸಿಕೊಂಡು ಕೆಲಸ ನಡೆಸುವ ನಗರದಲ್ಲಿ ಹಣ ಯಾವಾಗಲೂ ಒಂದು ವಾರ ತಡವಾಗಿ ತಲುಪುತ್ತದೆ.

ತಳಮಟ್ಟದ ಮೊತ್ತ ಸಾಮಾನ್ಯವಾಗಿ ಒಂದು ತಿಂಗಳ ಸಂಬಳ ಮತ್ತು ಮುಂದೆ ಬರುವ ಸಾಲದ ಕಂತನ್ನು ತುಂಬುವಷ್ಟಾದರೂ ಇರಬೇಕು. ಬಿಕ್ಕಟ್ಟಿನ ನಡುವೆಯೇ ಪ್ರವಾಹವೋ ಬೆಂಕಿಯೋ ಬರಬಹುದು ಎಂಬುದೂ ನೆನಪಿರಲಿ. ಸಾಂಕ್ರಾಮಿಕ ಬಂದಿದೆ ಎಂದು ಉಳಿದ ಅನಾಹುತಗಳು ತಡೆದು ನಿಲ್ಲುವುದಿಲ್ಲ.

ಖರೀದಿ

ಹಣ ಅತಿ ವೇಗವಾಗಿ ಸೋರುವುದು ಇಲ್ಲಿಯೇ. ಎಲ್ಲ ನಗರಗಳೂ ಒಂದೇ ವಾರದಲ್ಲಿ ಒಂದೇ ವಸ್ತುವನ್ನು ಹುಡುಕುವಾಗ ಬೆಲೆ ಏರುತ್ತದೆ, ಹೊಸ ಹೊಸ ಸರಬರಾಜುದಾರರು ಪ್ರತ್ಯಕ್ಷರಾಗುತ್ತಾರೆ, ಪೂರ್ತಿ ಹಣವನ್ನು ಮುಂಗಡವಾಗಿ ಕೇಳುತ್ತಾರೆ. ಟೆಂಡರ್‌ನ ಪೂರ್ಣ ಕಾಲಾವಧಿಗೆ ಕಾಯಲಾಗದು ನಿಜ. ಆದರೆ ಟೆಂಡರ್‌ ಬಿಟ್ಟರೆ ಪರಿಶೀಲನೆಯನ್ನೂ ಬಿಡಬಹುದು ಎಂದಲ್ಲ. ಸಂಸ್ಥೆ ಯಾವಾಗ ನೋಂದಣಿಯಾಗಿದೆ, ಈ ವಸ್ತುವನ್ನು ಹಿಂದೆ ಮಾರಿದೆಯೇ, ಬ್ಯಾಂಕ್ ಖಾತೆ ಸಂಸ್ಥೆಯ ಹೆಸರಿನಲ್ಲಿಯೇ ಇದೆಯೇ, ಗುಣಮಟ್ಟದ ಪ್ರಮಾಣಪತ್ರ ಅದನ್ನು ಕೊಟ್ಟ ಸಂಸ್ಥೆಯ ದಾಖಲೆಯಲ್ಲಿ ಸಿಗುತ್ತದೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ಅರ್ಧ ದಿನದಲ್ಲಿ ಉತ್ತರ ಪಡೆಯಬಹುದು. ಕನಿಷ್ಠ ಮೂರು ದರಪಟ್ಟಿಗಳನ್ನು ಒಂದೇ ದಿನದಲ್ಲಿ ತರಿಸಬಹುದು. ಮೂರು ಸಿಗದಿದ್ದರೆ ಯಾರನ್ನು ಕೇಳಲಾಯಿತು, ಏಕೆ ಸಿಗಲಿಲ್ಲ ಎಂದು ಕಡತದಲ್ಲಿ ಬರೆಯಬೇಕು. ಮುಂಗಡ ಕೊಡಲೇಬೇಕಾದರೆ ಬ್ಯಾಂಕ್ ಖಾತರಿಯ ಎದುರು, ಅಥವಾ ಸರಕು ತಲುಪಿದ ಮೇಲಷ್ಟೇ ಬಿಡುಗಡೆಯಾಗುವಂತೆ ಮಧ್ಯಸ್ಥ ಖಾತೆಯ ಮೂಲಕ ಕೊಡಬೇಕು.

ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2020ರ ನವೆಂಬರ್‌ನಲ್ಲಿ ಪ್ರಕಟಿಸಿದ ವರದಿ ಈ ವಿಷಯದಲ್ಲಿ ಎಲ್ಲರೂ ಗಮನಿಸಬೇಕಾದದ್ದು. ರಕ್ಷಣಾ ಸಾಮಗ್ರಿ ಪೂರೈಸಲು ಮುಂದೆ ಬಂದವರಲ್ಲಿ, ಅಧಿಕಾರಿಗಳು, ಸಚಿವರು, ಸಂಸದರು ಮುಂತಾದವರ ಶಿಫಾರಸಿನಿಂದ ಆದ್ಯತೆಯ ಸಾಲಿಗೆ ಸೇರಿದವರ ಪೈಕಿ ಹತ್ತರಲ್ಲಿ ಸುಮಾರು ಒಬ್ಬರಿಗೆ ಗುತ್ತಿಗೆ ದೊರೆತಿತ್ತು. ಸಾಮಾನ್ಯ ಸಾಲಿನಲ್ಲಿದ್ದವರಲ್ಲಿ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಯಾರು ಯಾರನ್ನು ಶಿಫಾರಸು ಮಾಡಿದರೆಂಬ ಮೂಲವೂ ಎಲ್ಲ ಪ್ರಕರಣಗಳಲ್ಲಿ ದಾಖಲಾಗಿರಲಿಲ್ಲ. ನಗರದ ಮಟ್ಟದಲ್ಲಿ ಈ ಒತ್ತಡ ಇನ್ನೂ ಹತ್ತಿರದಿಂದ ಬರುತ್ತದೆ, ಏಕೆಂದರೆ ಶಿಫಾರಸು ಮಾಡುವವರು ಪಕ್ಕದ ಕೋಣೆಯಲ್ಲಿಯೇ ಇರುತ್ತಾರೆ. ಶಿಫಾರಸನ್ನು ನಿಷೇಧಿಸುವುದು ಕಷ್ಟ. ಬರುವ ಪ್ರತಿ ಶಿಫಾರಸನ್ನೂ ಹೆಸರು, ದಿನಾಂಕ ಸಹಿತ ಒಂದು ವಹಿಯಲ್ಲಿ ಬರೆದುಕೊಳ್ಳುವುದು ಸುಲಭ, ಮತ್ತು ಆ ವಹಿ ಇದೆಯೆಂದು ಎಲ್ಲರಿಗೂ ತಿಳಿದಿರಬೇಕು.

ಅಕ್ಕಪಕ್ಕದ ನಗರಗಳೊಡನೆ ಸೇರಿ ಒಟ್ಟಾಗಿ ಕೊಳ್ಳುವುದರಿಂದ ಬೆಲೆಯೂ ಇಳಿಯುತ್ತದೆ, ಒಬ್ಬರ ಮೇಲೊಬ್ಬರು ಬೆಲೆ ಏರಿಸುವುದೂ ತಪ್ಪುತ್ತದೆ. ದಾಸ್ತಾನಿನಲ್ಲಿ ಪ್ರತಿ ವಸ್ತುವಿನ ಬಳಕೆಯ ಕೊನೆಯ ದಿನಾಂಕವನ್ನು ನಮೂದಿಸಿ, ಹಳೆಯದು ಮೊದಲು ಹೊರಹೋಗುವಂತೆ ನೋಡಿಕೊಳ್ಳಬೇಕು.

ಮೊದಲ ದಿನದಿಂದ ಪ್ರತ್ಯೇಕ ಲೆಕ್ಕ

ಬಿಕ್ಕಟ್ಟಿನ ಮೊದಲ ಖರ್ಚಿಗೆ ಮೊದಲೇ ಹೊಸ ಲೆಕ್ಕಶೀರ್ಷಿಕೆಯನ್ನು ತೆರೆಯಬೇಕು. ಎರಡು ತಿಂಗಳ ಬಿಲ್‌ಗಳನ್ನು ಆಮೇಲೆ ಕುಳಿತು ವಿಂಗಡಿಸುತ್ತೇವೆ ಎಂದುಕೊಂಡವರಿಗೆ ಆ ಬಿಡುವು ಸಿಗುವುದೇ ಇಲ್ಲ. ಪ್ರತಿ ವೋಚರ್‌ನೊಂದಿಗೆ ಖರೀದಿ ಆದೇಶ, ಸರಕು ಬಂದ ರಸೀದಿ, ದಾಸ್ತಾನು ವಹಿಯ ನಮೂದು, ಪಾವತಿಯ ಪುರಾವೆ ಮತ್ತು ಈ ಖರ್ಚಿಗೂ ಸಾಂಕ್ರಾಮಿಕಕ್ಕೂ ಇರುವ ಸಂಬಂಧವನ್ನು ವಿವರಿಸುವ ಎರಡು ಸಾಲುಗಳು ಇರಬೇಕು. ಆ ಎರಡು ಸಾಲುಗಳೇ ಮುಂದೆ ಹೆಚ್ಚು ಹಣ ತರುತ್ತವೆ. ಸಿಬ್ಬಂದಿಯ ವಿಷಯದಲ್ಲಿ ಹಾಜರಿಯ ಜತೆಗೆ ಯಾರು ಯಾವ ಕೆಲಸಕ್ಕೆ ಎಷ್ಟು ಗಂಟೆ ದುಡಿದರು ಎಂಬ ದಾಖಲೆ ಅಗತ್ಯ, ಏಕೆಂದರೆ ನೆರವಿನ ನಿಯಮಗಳು ಮಾಮೂಲು ದುಡಿಮೆಯನ್ನೂ ಹೆಚ್ಚುವರಿ ದುಡಿಮೆಯನ್ನೂ ಬೇರೆಯಾಗಿ ನೋಡುತ್ತವೆ. ಅಮೆರಿಕದ ವಿಪತ್ತು ನೆರವಿನಲ್ಲಿ, ತುರ್ತು ಕೆಲಸಕ್ಕೆ ತೊಡಗಿಸಿದ ಕಾಯಂ ಸಿಬ್ಬಂದಿಯ ಓವರ್‌ಟೈಮ್ ವೆಚ್ಚವನ್ನು ಕೇಳಬಹುದು, ಬಜೆಟ್‌ನಲ್ಲಿ ಮೊದಲೇ ಇದ್ದ ಅವರ ಮಾಮೂಲು ಸಂಬಳವನ್ನು ಕೇಳಲಾಗದು.

ಅಲ್ಲಿಯದೇ ಇನ್ನೊಂದು ಸಂಗತಿ ದಾಖಲೆಯ ಬೆಲೆಯನ್ನು ತೋರಿಸುತ್ತದೆ. ವಿಪತ್ತು ನೆರವಿನಲ್ಲಿ ಒಕ್ಕೂಟ ಸರ್ಕಾರದ ಪಾಲು ಸಾಮಾನ್ಯವಾಗಿ ಕನಿಷ್ಠ ಶೇಕಡಾ 75. ಕೋವಿಡ್ ವೆಚ್ಚಕ್ಕೆ ಅದನ್ನು 2021ರ ಫೆಬ್ರವರಿಯಲ್ಲಿ ಶೇಕಡಾ 100ಕ್ಕೆ ಏರಿಸಿದಾಗ, 2020ರ ಜನವರಿಯಿಂದಲೇ ಅನ್ವಯವಾಗುವಂತೆ ಏರಿಸಲಾಯಿತು. ನಿಯಮ ಹೀಗೆ ಹಿಂದಿನ ದಿನಾಂಕದಿಂದ ಉದಾರವಾದಾಗ ಅದರ ಲಾಭ ಪಡೆಯುವುದು ವರ್ಷದ ಹಿಂದಿನ ಖರ್ಚನ್ನು ಕಾಗದದ ಮೇಲೆ ತೋರಿಸಬಲ್ಲವರು. ಇದಕ್ಕೆ ವ್ಯತಿರಿಕ್ತವಾದ ಪಾಠ ಸಿಯೆರಾ ಲಿಯೋನ್‌ನದು. ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಸಂಸ್ಥೆ ಎಬೋಲಾ ಇನ್ನೂ ಹರಡುತ್ತಿರುವಾಗಲೇ, 2014ರ ಮೇಯಿಂದ ಅಕ್ಟೋಬರ್‌ವರೆಗಿನ ವೆಚ್ಚವನ್ನು ಪರಿಶೀಲಿಸಿ 2015ರಲ್ಲಿ ವರದಿ ಕೊಟ್ಟಿತು. ಪರಿಶೀಲಿಸಿದ ಹಣದ ಮೂರನೇ ಒಂದು ಪಾಲಿನಷ್ಟಕ್ಕೆ ಸಮರ್ಪಕ ದಾಖಲೆಗಳಿರಲಿಲ್ಲ. ಆ ವರದಿಯಲ್ಲಿ ನಾನು ಮೆಚ್ಚುವುದು ಅದರ ಸಮಯವನ್ನು. ಬಿಕ್ಕಟ್ಟು ನಡೆಯುತ್ತಿರುವಾಗಲೇ ಪರಿಶೋಧನೆ ನಡೆದರೆ ತಪ್ಪನ್ನು ಮುಂದಿನ ತಿಂಗಳಿನಿಂದಲೇ ತಿದ್ದಿಕೊಳ್ಳಬಹುದು. ನಗರವೂ ತನ್ನ ಪರಿಶೋಧಕರನ್ನು ಮೊದಲ ತಿಂಗಳಲ್ಲಿಯೇ ಕರೆದು, ಪ್ರತಿ ತಿಂಗಳ ಪಾವತಿಗಳಲ್ಲಿ ಕೆಲವನ್ನು ಮಾದರಿಯಾಗಿ ಪರಿಶೀಲಿಸಲು ಕೇಳಿಕೊಳ್ಳಬೇಕು.

ಒಂದೇ ಬಿಲ್ಲನ್ನು ಎರಡು ಅನುದಾನಗಳಿಗೆ ತೋರಿಸುವ ತಪ್ಪು ಗಡಿಬಿಡಿಯಲ್ಲಿ ಅರಿವಿಲ್ಲದೆಯೇ ಆಗಿಬಿಡುತ್ತದೆ. ಅದನ್ನು ತಡೆಯಲು ಪ್ರತಿ ವೋಚರ್ ಯಾವ ಮೂಲದಿಂದ ಅಂತಿಮವಾಗಿ ಭರ್ತಿಯಾಯಿತು ಎಂಬುದನ್ನು ಒಂದೇ ಕಡೆ ಬರೆಯುವ ಪಟ್ಟಿಯೊಂದು ಇರಬೇಕು. ವಸ್ತು ರೂಪದ ದೇಣಿಗೆಗಳನ್ನೂ ಅಂದಾಜು ಮೌಲ್ಯದೊಡನೆ ಅದೇ ದಿನ ದಾಸ್ತಾನಿಗೆ ತೆಗೆದುಕೊಳ್ಳಬೇಕು.

ಸಾಲವೋ, ಮೀಸಲೋ?

ಅಲ್ಪಾವಧಿ ಸಾಲದ ವ್ಯವಸ್ಥೆಯನ್ನು ನಿಧಿ ತುಂಬಿರುವಾಗಲೇ ಮಾಡಿಕೊಳ್ಳಬೇಕು. ನಿಧಿ ಖಾಲಿಯಾದ ನಗರಕ್ಕೆ ಸಾಲ ದುಬಾರಿ. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಅಲ್ಲಿನ ರಾಜ್ಯಗಳಿಗೂ ಸ್ಥಳೀಯ ಸರ್ಕಾರಗಳಿಗೂ 50,000 ಕೋಟಿ ಡಾಲರ್‌ವರೆಗೆ ಸಾಲ ಕೊಡುವ ವ್ಯವಸ್ಥೆಯೊಂದನ್ನು ಪ್ರಕಟಿಸಿತು. ಕೊನೆಗೆ ಅದರಿಂದ ಸಾಲ ಪಡೆದವರು ಇಬ್ಬರೇ: ಇಲಿನಾಯ್ ರಾಜ್ಯ ಮತ್ತು ನ್ಯೂಯಾರ್ಕ್‌ನ ಮಹಾನಗರ ಸಾರಿಗೆ ಪ್ರಾಧಿಕಾರ. ಸಾಲದ ಬಾಗಿಲು ತೆರೆದಿದೆ ಎಂಬ ಭರವಸೆಯೇ ಮಾರುಕಟ್ಟೆಯನ್ನು ಶಾಂತಗೊಳಿಸಲು ನೆರವಾಯಿತು. ನಗರದ ಮಟ್ಟಿಗೂ ಬಳಸದ ಸಾಲ ಮಿತಿ ಒಂದು ಬಗೆಯ ಮೀಸಲೇ ಆಗಿರುತ್ತದೆ. ಖಚಿತವಾಗಿ ಬರಲಿರುವ ಮರುಪಾವತಿಯ ಎದುರು ಅಲ್ಪಾವಧಿ ಸಾಲ ತೆಗೆಯಬಹುದು. ಯಾವಾಗ ತುಂಬುತ್ತದೆಂದು ತಿಳಿಯದ ಆದಾಯ ಕೊರತೆಗೆ ಸಾಲ ತೆಗೆಯುವುದನ್ನು ಸಾಧ್ಯವಾದಷ್ಟು ಮುಂದೂಡಬೇಕು. ಪಿಂಚಣಿ ನಿಧಿಯ ವಂತಿಗೆಯನ್ನು ತಡೆಹಿಡಿಯುವುದು ಕಾಣದಂತೆ ಮಾಡಿದ ಸಾಲ. ಅದರ ಬಡ್ಡಿಯನ್ನು ಮುಂದಿನ ಪರಿಷತ್ತುಗಳು ತೆರುತ್ತವೆ.

ಮತ್ತೆ ತುಂಬುವುದು

ನಿಧಿಯನ್ನು ತೆರೆಯುವ ನಿರ್ಣಯದಲ್ಲಿಯೇ ತುಂಬುವ ಕ್ರಮವನ್ನೂ ಬರೆಯಬೇಕು. ಯಾವ ಅಂಕಿ ಮುಟ್ಟಿದಾಗ ತುಂಬುವುದು ಆರಂಭವಾಗುತ್ತದೆ, ಎಷ್ಟು ವರ್ಷಗಳಲ್ಲಿ ಹಳೆಯ ಮಟ್ಟಕ್ಕೆ ಬರಬೇಕು, ವರ್ಷಕ್ಕೆ ಆದಾಯದ ಎಷ್ಟು ಪಾಲು ಎಂಬುದು ಅಲ್ಲಿರಲಿ. ಬರುವ ಮರುಪಾವತಿಗಳು ಸಾಮಾನ್ಯ ಆದಾಯದಲ್ಲಿ ಕರಗದೆ ನೇರವಾಗಿ ನಿಧಿಗೆ ಜಮಾ ಆಗಬೇಕೆಂಬ ವಾಕ್ಯ ಕಡ್ಡಾಯವಾಗಿ ಇರಬೇಕು. ಆ ವಾಕ್ಯವಿಲ್ಲದಿದ್ದರೆ ಎರಡು ವರ್ಷಗಳ ಬಳಿಕ ಬಂದ ಹಣಕ್ಕೆ ಹತ್ತು ಹೊಸ ಬೇಡಿಕೆಗಳು ಕಾದಿರುತ್ತವೆ. ಆರ್ಥಿಕತೆ ಇನ್ನೂ ಏಳುತ್ತಿರುವಾಗ ನಿಧಿಯನ್ನು ಅವಸರದಿಂದ ತುಂಬಲು ಸೇವೆಗಳನ್ನು ಕಡಿಯುವುದು ಬೇಡ. ಮೂರರಿಂದ ಐದು ವರ್ಷಗಳ ಅವಧಿ ಬಹುತೇಕ ನಗರಗಳಿಗೆ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಇಷ್ಟೂ ಕಾಲ ತಿಂಗಳಿಗೊಮ್ಮೆ ಒಂದು ಪುಟದ ಲೆಕ್ಕವನ್ನು ನಾಗರಿಕರ ಮುಂದಿಡಬೇಕು. ನಿಧಿಯಲ್ಲಿ ಎಷ್ಟಿತ್ತು, ಎಷ್ಟು ಹೋಯಿತು, ಯಾವುದಕ್ಕೆ, ಎಷ್ಟು ಮರಳಿ ಬರಬೇಕಿದೆ, ಎಷ್ಟು ಬಂದಿದೆ ಎಂಬುದು ತೆರಿಗೆ ಕಟ್ಟುವ ಯಾರಿಗಾದರೂ ಅರ್ಥವಾಗುವ ಭಾಷೆಯಲ್ಲಿರಲಿ. ದೊಡ್ಡ ಗುತ್ತಿಗೆಗಳ ಮೊತ್ತ ಮತ್ತು ಸರಬರಾಜುದಾರರ ಹೆಸರುಗಳೂ ಅದರಲ್ಲಿರಬೇಕು.

ಬಿಕ್ಕಟ್ಟು ಮುಗಿಯಿತೆಂದು ಪರಿಷತ್ತು ಔಪಚಾರಿಕವಾಗಿ ನಿರ್ಣಯಿಸಿದ ದಿನ ತುರ್ತು ಖರೀದಿಯ ಅಧಿಕಾರವೂ ಕೊನೆಗೊಳ್ಳಬೇಕು. ಆ ದಿನದ ದಾಸ್ತಾನನ್ನು ಭೌತಿಕವಾಗಿ ಎಣಿಸಿ, ಉಳಿದದ್ದನ್ನು ಆಸ್ಪತ್ರೆಗಳಿಗೋ ಮುಂದಿನ ಬಳಕೆಯ ಉಗ್ರಾಣಕ್ಕೋ ವರ್ಗಾಯಿಸಿ, ಬಾಕಿ ಬಿಲ್‌ಗಳಿಗೆ ಕೊನೆಯ ದಿನಾಂಕವೊಂದನ್ನು ಪ್ರಕಟಿಸಬೇಕು. ಮರುಪಾವತಿಯ ಅರ್ಜಿಗಳು ಮಾತ್ರ ಇನ್ನೂ ಹಲವು ತಿಂಗಳು, ಕೆಲವೊಮ್ಮೆ ವರ್ಷಗಳು ನಡೆಯುತ್ತವೆ. ಆದುದರಿಂದ ಆ ಕಡತಗಳನ್ನು ಬಲ್ಲ ಒಬ್ಬ ಅಧಿಕಾರಿಯನ್ನು, ಕೊನೆಯ ಮುಂಗಡ ನಿಧಿಗೆ ಮರಳಿ ಜಮಾ ಆಗುವವರೆಗೂ, ಆ ಕೆಲಸದಲ್ಲಿಯೇ ಉಳಿಸಿಕೊಳ್ಳಬೇಕು.